ಸೊಟ್ಟ ಸವತೆ

ಅಂಕೋಲೆಯ ಶಾಲೆ ಮೈದಾನದಲ್ಲಿ ಪರಿಸರದ ಹಬ್ಬ.
ವೇದಿಕೆಯ ಹೂಗಳೆಲ್ಲ ಪ್ಲಾಸ್ಟಿಕ್ಕು. ನಾನೇ ಕಟ್ಟಿದ್ದು,
ಹೇಳಿಕೊಳ್ಳಲು ನಾಚಿಕೆ.

ಯಲ್ಲಾಪುರದ ಕಡೆಯಿಂದ ಜುಜೆ ಸಿದ್ದಿ ಬಂದಿದ್ದ,
ಗಾಜಿನ ಬದಿಯ ಪೆಟ್ಟಿಗೆಯಲ್ಲಿ ತುಡುವೆ ಸಂಸಾರ.
ನಿಂತವರೆಲ್ಲ ಕೇಳಿದ್ದು: ಕೇಜಿಗೆಷ್ಟು?
ಅಸಲಿಯೋ? ಬೆಲ್ಲ ಬೆರೆಸಿಲ್ಲ ತಾನೆ?
"ತುಪ್ಪ ತಂದಿಲ್ಲ, ಹುಳ ತೋರಿಸಲಿಕ್ಕೆ ಬಂದಿದ್ದೆ."
ಜನ ಕಬ್ಬಿನ ಹಾಲಿನ ಗಾಡಿಯತ್ತ ಸರಿದರು.

ಮಧ್ಯಾಹ್ನ ಬೆಳಂಬಾರದ ಶಿವಿ ಬುಟ್ಟಿ ಇಳಿಸಿ
ನೆರಳಿಗೆ ಕೂತಳು. ಮಾರಿ ಉಳಿದದ್ದು ಮೂರು ಸವತೆ,
ಮೂರೂ ಕುಡುಗೋಲಿನ ಹಾಗೆ ಸೊಟ್ಟ.
ಜುಜೆ ಒಂದನ್ನೆತ್ತಿ ಉದ್ದಕ್ಕೆ ಸೀಳಿದ.
ಉಬ್ಬಿದ ಕಡೆ ಬೀಜ ತುಂಬಿತ್ತು,
ಬಾಗಿದ ಕಡೆ ಬರೀ ಜೊಳ್ಳು.

"ಹೂವೇನೋ ಬೆಳಿಗ್ಗೆಯೇ ಬಾಗಿಲು ತೆಗೆದಿತ್ತು ಅವ್ವಾ,
ಬರಬೇಕಾದವರಲ್ಲಿ ಅರ್ಧವೇ ಬಂದರು."

ಶಿವಿ ಆ ಸೀಳನ್ನು ಬಹಳ ಹೊತ್ತು ನೋಡಿದಳು.
ಬಳ್ಳಿಗೆ ಔಷಧಿ ಹೊಡೆದದ್ದು ಯಾವ ಹೊತ್ತಿಗೆ ಎಂದು
ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.
ಉಪ್ಪು ಹಚ್ಚಿಕೊಂಡು ಮೂವರೂ ತಿಂದೆವು.

ಭಾಷಣದಲ್ಲಿ 'ಪರಾಗಸ್ಪರ್ಶ' ಹನ್ನೆರಡು ಸಲ ಬಂತು.
ಎಣಿಸಿದ್ದೆ.

ಕತ್ತಲಾಗಿ ಹುಳವೆಲ್ಲ ಗೂಡು ಸೇರಿದ ಮೇಲೆ
ಬಾಯಿಗೆ ಹುಲ್ಲು ತುರುಕಿದ ಪೆಟ್ಟಿಗೆಯೊಂದು
ಕೊನೆಯ ಬಸ್ಸಿನಲ್ಲಿ, ಶಿವಿಯ ತೊಡೆಯ ಮೇಲೆ.
"ಎಷ್ಟು ಟಿಕೇಟು ಕೊಡಲಿ?" ಕಂಡಕ್ಟರ್ ನಕ್ಕ.
ನಾನೂ ನಕ್ಕೆ.
ಅವಳಿಗೆ ಪುರುಸೊತ್ತಿರಲಿಲ್ಲ:
ರಸ್ತೆಯ ಒಂದೊಂದು ಗುಂಡಿ ಬಂದಾಗಲೂ
ಪೆಟ್ಟಿಗೆಯನ್ನು ತೊಡೆಯಿಂದ ಗೇಣುದ್ದ ಮೇಲೆತ್ತಿ
ಹಿಡಿಯುತ್ತಿದ್ದಳು.