ಯಾರೋ ಬರೆಸಿದ ಪಟ್ಟಿ

ಮಸಾಲೆ ಡಬ್ಬಿಯ ತಳದಲ್ಲಿ, ಲವಂಗದ ಕೆಳಗೆ,
ನಾಲ್ಕು ಮಡಿಕೆಯ ಗಿರಣಿ ಹಾಜರಿ ಚೀಟಿ.
ಹಿಂಬದಿಗೆ ಮಾವ ಮುರಿಗೆಪ್ಪನವರ ಅಕ್ಷರ, ನೇರಳೆ ಪೆನ್ಸಿಲ್ಲು:
"ನಮ್ಮೂರಿಗೆ ಬಂದರೆ ತಿನ್ನತಕ್ಕದ್ದು."

ಊರು ದಾವಣಗೆರೆಯಲ್ಲ.
ಹೇಳಿ ಬರೆಸಿದವನು ಬ್ರ್ನೋದವನು,
ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಸಿಕ್ಕುವ ಹೆಸರಿನ ಊರು.
ಮಗ್ಗ ಜೋಡಿಸಲು ಬಂದದ್ದು ಆರು ತಿಂಗಳಿಗೆಂದು,
ಬಿಡಿಭಾಗ ಬೊಂಬಾಯಿ ಬಂದರಿನಲ್ಲೇ ಕೂತು
ಹದಿನಾಲ್ಕಾಯಿತು.
ಯಾರೊಸ್ಲಾವ್ ಅಂತ ಹೆಸರು. ಅರ್ಧವೇ ಸಾಕಾಯಿತು ಗಿರಣಿ ಚಾಳಿಗೆ.
"ಬಾಗಿಲಾಗೆ ಯಾರು?"
"ಯಾರೋ."
"ಯಾರೋ ಅಂದ್ರೆ ಯಾರು?"
"ಅವ್ನೇ, ಯಾರೋ!"
ಅತ್ತೆ ಹಾಲಮ್ಮ ಇದನ್ನು ಹೇಳುವಾಗ
ಈಗಲೂ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಬೆಣ್ಣೆ ದೋಸೆ ಮೂರು ದಿನ ತಿಂದ.
ನಾಲ್ಕನೇ ದಿನ ಮಿರ್ಚಿ ಕಚ್ಚಿ, ಕಣ್ಣು ಒರೆಸಿಕೊಂಡು, ಹಿಟ್ಟು ಕೇಳಿದ.
ಮೈದಾ, ಹಾಲು, ನಿನ್ನೆಯ ಬನ್ನಿನ ಚೂರು,
ತೋಳಿನಷ್ಟು ದಪ್ಪ ಹೊಸೆದು, ಪಂಚೆಯಲ್ಲಿ ಸುತ್ತಿ ಬೇಯಿಸಿದ.
"ಇದು ಕಡುಬಲ್ಲೇನು?" ಅಂದರು ಅತ್ತೆ.
"ಕ್ನೆಡ್ಲೀಕ್," ಅಂದ.
"ಹೂಂ. ಕಡುಬು."
ಚಾಕು ತಂದರೆ ಹೌಹಾರಿದ,
ಕಬ್ಬಿಣ ತಾಗಿದರೆ ಅದು ಉಸಿರು ಬಿಟ್ಟು ಕೂತುಬಿಡುತ್ತದಂತೆ.
ಜೇಬಿನಿಂದ ತೆಗೆದ ಗಿರಣಿಯ ನೂಲು, ನಲವತ್ತರ ನಂಬರು,
ಕೆಳಗೆ ತೂರಿಸಿ, ಮೇಲೆ ತಂದು, ಅಡ್ಡ ಹಾಕಿ ಎಳೆದ.
ಬಿಲ್ಲೆ ಬಿಲ್ಲೆಯಾಗಿ ಬಿದ್ದವು, ಒಳಗಿನ ತೂತು ಸಮೇತ.
ಹದಿನೆಂಟು ವರ್ಷ ನೂಲು ಕಂಡಿದ್ದ ಮಾವ
ಅದು ಕೊಯ್ಯುವುದನ್ನು ಅವತ್ತೇ ಕಂಡದ್ದು.

ಮೇಲೆ ಸುರಿಯುವುದು ದನದ ಮಾಂಸದ ಸಾರಂತೆ.
ಮಾತು ನಿಂತಿತು. ಅತ್ತೆಯ ಕೈ ಕೊರಳ ಲಿಂಗಕ್ಕೆ ಹೋಯಿತು.
ಒಲೆಯ ಮೇಲೆ ನೀರು ತಾನಾಗಿ ಕುದಿಯಿತು ಒಂದಷ್ಟು ಹೊತ್ತು.
ಆಮೇಲೆ, "ಅದು ಬಿಟ್ಟು ಮಿಕ್ಕಿದ್ದು ಹೇಳು."
ಮಿಕ್ಕಿದ್ದು ಗಜ್ಜರಿ, ಮೆಣಸು, ಹಾಲಿನ ಕೆನೆ,
ಹುಳಿಗೆ ಅವರ ಕಾಡಿನ ಯಾವುದೋ ಕೆಂಪು ಹಣ್ಣು.
ಆ ಜಾಗಕ್ಕೆ ದುರ್ಗದ ಗುಡ್ಡದ ಕವಳಿಹಣ್ಣು ಬಂತು, ಬೆಲ್ಲದ ಜೊತೆ.

ಪಿವೊ ಅಂತ ಒಂದಿದೆ ಪಟ್ಟಿಯಲ್ಲಿ, ಕೆಳಗೆ ಎರಡು ಗೆರೆ.
ನೊರೆ ಮೂರು ಬೆರಳು ಇರಲೇಬೇಕು ಅಂತ ಷರಾ.
ಅತ್ತೆ ಗಾಜಿನ ಲೋಟಕ್ಕೆ ಎತ್ತರದಿಂದ ಮಜ್ಜಿಗೆ ಸುರಿದರು.
ಅವನು ಬೆರಳಿಟ್ಟು ಅಳೆದ. ಎರಡೂವರೆ.
ಆದರೂ ಲೋಟ ಎತ್ತಿ "ನಾಜ್ದ್ರಾವಿ!" ಅಂದ.
"ನಾಷ್ಟಾ ಆಮ್ಯಾಲೆ ರೀ, ಮೊದ್ಲು ಕುಡೀರಿ."

ಇನ್ನೂ ಇದೆ.
ಕುಲಾಯ್ಡಾ: ಅಣಬೆ, ಕೆನೆ, ಸಬ್ಬಸಿಗೆ.
(ಸಬ್ಬಸಿಗೆಯ ಮೇಲೆ ಎಣ್ಣೆ ಹೆಬ್ಬೆಟ್ಟು. ಓದು ಬಾರದ ಅತ್ತೆ
ಅಲ್ಲಿ ತಮ್ಮ ಸೊಪ್ಪಿದೆ ಅಂತ ಕೇಳಿ ಗುರುತಿಟ್ಟುಕೊಂಡದ್ದು.)
ಬ್ರಂಬೊರಾಕ್: ಆಲೂಗಡ್ಡೆ ದೋಸೆ, ನಿಂತುಕೊಂಡೇ ತಿನ್ನುವುದು.
ಕೊಲಾಚ್: ಗಸಗಸೆ ಇಟ್ಟದ್ದು. ಅಜ್ಜಿ ಮಾಡಿದ್ದೇ ಆಗಬೇಕು. ಅಜ್ಜಿ ಇಲ್ಲ.
ಒಲೊಮೋತ್ಸಿನ ಚೀಸು: ನಾರುತ್ತದೆ. ರೈಲಿನಲ್ಲಿ ಒಯ್ಯಬಾರದು.
ಇದರ ಮುಂದೆ ಮಾವ ಸ್ವಂತ ಬುದ್ಧಿಯಿಂದ ಬರೆದಿದ್ದಾರೆ: "ಬೇಡ."

ಯಾರೋ ಹೋದ.
ಯಾರೂ ಹೋಗಲಿಲ್ಲ.
ಮಗ್ಗಗಳು ಒಂದು ದಿನ ತೂಕಕ್ಕೆ ಹೋದವು, ಅಷ್ಟೇ.

ಮೊನ್ನೆ ಮುದ್ದೆ ದೊಡ್ಡದಾಯಿತೆಂದು
ಅತ್ತೆ ದಾರ ಕೇಳಿದರು. ಹೂ ಕಟ್ಟಿ ಉಳಿದದ್ದು ಕೊಟ್ಟೆ.
ನಡುಗುವ ಕೈ ಕೆಳಗೆ ತೂರಿಸಿ, ಮೇಲೆ ತಂದು, ಅಡ್ಡ ಹಾಕುವಾಗ ನಡುಗಲಿಲ್ಲ.
"ಯಾರು ಕಲಿಸಿದ್ರು ಅಜ್ಜೀ?" ಅಂದಳು ಮಗಳು.
"ಯಾರೋ," ಅಂದರು.
ಹುಡುಗಿ ಮುಂದೆ ಕೇಳಲಿಲ್ಲ, ಸಾರಿಗೆ ಕೈ ಚಾಚಿದಳು.
ಮುದ್ದೆಗೆಲ್ಲ ಒಂಚೂರು ಮಲ್ಲಿಗೆ ವಾಸನೆ.