ಹತ್ತೊಂಬತ್ತನೇ ನಂಬರಿನ ಗಡಂಗು

ಕುಂಬಳೆಯ ಅಬಕಾರಿ ಆಫೀಸಿನಲ್ಲಿ
ಅರ್ಜಿ ಪೂರಾ ಮಲಯಾಳ.
ಚುಕ್ಕೆಗೆರೆಯ ಮೇಲೆ ಕನ್ನಡದಲ್ಲಿ
ಕಮಲಾಕ್ಷಿ ಎಂದು ರುಜು ಹಾಕಿದೆ.
ಗುಮಾಸ್ತ ಕಾಗದ ಮಗುಚಿ ಮಗುಚಿ ನೋಡಿದ,
ಮೀನಿನ ಕಿವಿರು ನೋಡುವ ಹಾಗೆ.
“ಷಾಪ್ ನಡತ್ತುನ್ನದ್ ಆರಾ?”
ನಾನೇ, ಎಂದೆ.
ಗಂಡಸು ಯಾರಾದರೂ ನಿಂತಿದ್ದಾರೋ ಎಂದು
ನನ್ನ ಹೆಗಲಾಚೆ ಇಣುಕಿದ.
ಹಿಂದೆ ಫ್ಯಾನು ಇತ್ತು.

ಶಿರಿಯಾ ಹೊಳೆಗೆ ಬೆನ್ನು ಹಾಕಿ ಕೂತ ಗಡಂಗು.
ಬಿಳಿ ಹಲಗೆ, ಕಪ್ಪಕ್ಷರ.
ಮೂವತ್ತೊಂದು ವರ್ಷ ಹಿಂಬಾಗಿಲಿಂದಲೇ ಬಂದೆ, ಹೋದೆ.
ಮುಂಬಾಗಿಲ ಹೊಸ್ತಿಲು ಇಷ್ಟು ಸವೆದಿದೆಯೆಂದು
ಇವತ್ತು ಕಾಲಿಟ್ಟಾಗ ಗೊತ್ತಾಯ್ತು.

ಅಂಬಾಡಿ ಬೆಳ್ಚಪ್ಪಾಡರು ಲೆಕ್ಕ ಒಪ್ಪಿಸಿದರು:
ಬೆಂಚು ಏಳು, ಒಂದಕ್ಕೆ ಇಟ್ಟಿಗೆಯ ಕಾಲು.
ಕುಪ್ಪಿ ನೂರ ನಲವತ್ತು. ಗ್ಲಾಸು, ಒಡೆದದ್ದು ಬಿಟ್ಟು, ಅರುವತ್ತು.
ಕಳ್ಳಿಗೆ ಬಿದ್ದ ಜೇನುಹುಳ ಸೋಸುವ ಜರಡಿ.
ಮೂರ್ತೆಯ ಸುಕುಮಾರ, ಮೊಣಕಾಲು ನೋವು ಸಮೇತ.
“ಮೀನು ಸಾರಿನ ಅಳಗೆ ಹೇಗೂ ನಿನ್ನದೇ” ಎಂದರು,
ದಾನ ಕೊಡುವವರಂತೆ.
ಕೊನೆಗೆ ಕಡದ ಪುಸ್ತಕ.

ಕೆಂಪು ಬಟ್ಟೆಯ ಬೆನ್ನು. ಹುಳಿ ವಾಸನೆ.
ಸತ್ತವರು, ಗಲ್ಫಿಗೆ ಹೋದವರು,
ಕುಡಿತ ಬಿಟ್ಟು ಮಾಲೆ ಹಾಕಿದವರು,
ಇದರೊಳಗೆ ಎಲ್ಲರೂ ಇನ್ನೂ ಬಾಯಾರಿ ಕೂತಿದ್ದಾರೆ.
ಅಪ್ಪನ ಹೆಸರು ಹುಡುಕಿದೆ. ದೂಮ. ಎರಡು ಪುಟ.
ಎಂಬತ್ತಾರು ರೂಪಾಯಿಯ ಮೇಲೆ ಉದ್ದಕ್ಕೂ ಗೆರೆ,
ಬದಿಯಲ್ಲಿ ತಾರೀಕು.

ಆ ತಾರೀಕು ನನಗೆ ಗೊತ್ತು.
ಏಳನೇ ಕ್ಲಾಸಿನ ಪರೀಕ್ಷೆಗೆ ಎರಡು ದಿನವಿತ್ತು.
ಅಪ್ಪ ಕೈಹಿಡಿದು ತಂದು ಹಿಂಬಾಗಿಲಲ್ಲಿ ಬಿಟ್ಟು
“ಗ್ಲಾಸು ತೊಳೆ, ಬೂತಾಯಿ ತಲೆ ತೆಗೆಯಲು ಕಲಿ” ಎಂದು
ಗೋಡೆಗೆ ಸುತ್ತು ಹಾಕಿ
ಮುಂಬಾಗಿಲಿಂದ ಬಂದು ಬೆಂಚಲ್ಲಿ ಕೂತಿದ್ದ.

ಬೆಳ್ಚಪ್ಪಾಡರು ಹೊಳೆ ನೋಡುತ್ತಿದ್ದರು.
ನಾನು ಕೇಳಲಿಲ್ಲ.

ಸುಕುಮಾರ ಬೆಳಗ್ಗಿನ ಕಳ್ಳು ತಂದ.
ಕಿವಿಗೊಟ್ಟರೆ ನೊರೆಯೊಳಗೆ ಸಣ್ಣ ಸದ್ದು,
ದೂರದಲ್ಲಿ ಯಾರೋ ಅಕ್ಕಿ ಗೇರುವ ಹಾಗೆ.
ಇಷ್ಟು ವರ್ಷ ಒಲೆಯ ಗದ್ದಲದಲ್ಲಿ ಕೇಳಿಸಿರಲಿಲ್ಲ.

ಬೆಳ್ಚಪ್ಪಾಡರು ಎದ್ದರು, ಚಪ್ಪಲಿ ಹುಡುಕಿದರು,
ಮತ್ತೆ ಕೂತರು. ಗಲ್ಲಾದ ಬದಿಗಲ್ಲ,
ಇಟ್ಟಿಗೆ ಕಾಲಿನ ಬೆಂಚಲ್ಲಿ.
“ಒಂದು ಅರ್ಧ ಕೊಡು ಕಮಲೇ. ಚಿಲ್ಲರೆ ತಂದಿಲ್ಲ.”

ಹೊಸ ಪುಸ್ತಕ ಬಿಚ್ಚಿದೆ.
ಮೊದಲ ಪುಟ, ಮೊದಲ ಸಾಲು:
ಅಂಬಾಡಿ. ಅರ್ಧ ಕುಪ್ಪಿ.

ಕುಪ್ಪಿ ತಂದಿಟ್ಟೆ.
ಪಕ್ಕದಲ್ಲಿ ನಿನ್ನೆಯ ಎಂಜಲು ಗ್ಲಾಸು.
ನೀರು ಅಲ್ಲಿದೆ ಎಂದು
ಹಿಂಬಾಗಿಲ ಕಡೆ ಕೈ ತೋರಿಸಿದೆ.