ದೋಷವಿಲ್ಲ

ಇಂಗ್ಲೆಂಡಿನ ಫೋನ್ ಗೂಡುಗಳೆಲ್ಲ ಕೆಂಪು,
ನಮ್ಮ ಹಲ್ ಪಟ್ಟಣದವು ಮಾತ್ರ ಹಾಲಿನ ಕೆನೆ.
ಯಾಕೆಂದು ಕೇಳಿದವರಿಗೆ ನಾನು ಹೇಳುತ್ತಿದ್ದದ್ದಿಷ್ಟೆ:
ಇಲ್ಲಿ ಫೋನು ರಾಣಿಯದಲ್ಲ, ನಗರಸಭೆಯದು,
ಬೀದಿ ದೀಪದ ಹಾಗೆ.

ಊರೊಳಗಿನ ಕರೆಗೆ ಒಂದೇ ದರ.
ಒಂದು ಮಾತಾಡಿ ಇಟ್ಟರೂ ಅಷ್ಟೇ,
ಬೆಳಗಾಗುವ ತನಕ ಏನೂ ಆಡದಿದ್ದರೂ ಅಷ್ಟೇ.
ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ
ಎಂದು ಜನ ಮಾತಾಡಿದರು, ಮಾತಾಡಿದರು:
ಬೇಯದ ಆಲೂಗಡ್ಡೆ, ನಾದಿನಿಯ ನಡವಳಿಕೆ, ಹ್ಯಾಡಕ್ ಮೀನಿನ ಬೆಲೆ.

ಎಂಬತ್ನಾಲ್ಕರ ಜನವರಿ, ನನ್ನ ಮೊದಲ ರಾತ್ರಿ ಪಾಳಿ.
ಎಕ್ಸ್‌ಚೇಂಜಿನ ಸಾಲುಸಾಲು ಸ್ವಿಚ್ಚುಗಳು
ಮಗ್ಗದ ಹಾಗೆ ಕಟಕಟಿಸಿ ಹನ್ನೊಂದಕ್ಕೆ ತಣ್ಣಗಾದವು.
ಒಂದು ಮಾತ್ರ ಹಿಡಿದ ಹಿಡಿ ಬಿಡಲಿಲ್ಲ.
ಹೆಸಲ್ ರೋಡಿನ ಒಂದು ನಂಬರು,
ನದಿಯಾಚೆ ಹೋಲ್ಡರ್‌ನೆಸ್ ರೋಡಿನ ಇನ್ನೊಂದು.
ಸಿಕ್ಕಿಕೊಂಡಿರಬೇಕು, ಬಿಡಿಸು ಎಂದರು ಮೇಸ್ತ್ರಿ ಗ್ರಿಮ್‌ಶಾ.
ಕಿವಿಗೆ ಹಚ್ಚಿ ಕೇಳಿದೆ.
ಯಾರೂ ಇಲ್ಲ.
ಆಮೇಲೆ ಒಂದು ಗೋಡೆ ಗಡಿಯಾರ.
ಒಂದು ಕೆಮ್ಮು. ಹಾಸಿಗೆಯ ಸ್ಪ್ರಿಂಗು.
ಗೊರಕೆಯೂ ಅಲ್ಲದ, ಬರೀ ಉಸಿರೂ ಅಲ್ಲದ ಒಂದು ಎಳೆತ.
ದೋಷದ ಚೀಟಿಯ ಮೇಲೆ ಬರೆದೆ: ದೋಷವಿಲ್ಲ.

ಆಮೇಲೆ ತಿಳಿಯಿತು. ಥೋರಾಳ ಗಂಡ ಹತ್ತಿದ ದೋಣಿ
ಹಿಂದಿನ ವರ್ಷ ಮರಳಿ ಬಂದಿರಲಿಲ್ಲ.
ಮನೆಯಲ್ಲಿ ಒಬ್ಬಳೇ ಮಲಗಲಾರಳು,
ಗೆಳತಿ ಈನಿಡ್ ಮನೆಗೆ ಹೋಗಲೂ ಒಲ್ಲಳು, ಹಟಮಾರಿ.
ಹತ್ತಕ್ಕೆ ಈನಿಡ್ ಫೋನು ಮಾಡಿ
ರಿಸೀವರನ್ನು ದಿಂಬಿನ ಪಕ್ಕ ಮಲಗಿಸುತ್ತಿದ್ದಳು.
ಹಡಗಿಗೆಂದು ಸೇತುವೆ ಬಾಯ್ತೆರೆದಾಗ
ಬಸ್ಸು ನಿಂತಿತು, ಆಂಬುಲೆನ್ಸೂ ನಿಂತಿತು,
ನೆಲದಡಿಯ ತಂತಿ ನಿಲ್ಲಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎಂದವರು
ತಾಮ್ರದ ಲೆಕ್ಕ ಹಿಡಿದಿಲ್ಲ.

ಸೊನ್ನೆ ನಾಲ್ಕು ಎಂಟು ಎರಡು, ಇದು ನಮ್ಮ ಕೋಡು.
ತೊಂಬತ್ತೈದರಲ್ಲಿ ದೇಶಕ್ಕೆಲ್ಲ ಹಂಚುವಾಗ
ನಮ್ಮ ಸೊನ್ನೆಯ ಬೆನ್ನಿಗೂ ಒಂದು ಒಂದನ್ನು ತುರುಕಿದರು.
ಆಮೇಲೆ ಗಂಟಲು ಕಟ್ಟಿದ ಕೋಳಿಯಂಥ ಮೋಡೆಮ್ಮು,
ಆಮೇಲೆ ಅದೇ ಹಳೆ ತಂತಿಯಲ್ಲಿ ಬ್ರಾಡ್‌ಬ್ಯಾಂಡು,
ಎಕ್ಸ್‌ಚೇಂಜಿನ ಪಕ್ಕದವನಿಗೆ ಓಟ, ಊರಂಚಿನವನಿಗೆ ತೆವಳು.
ಈಗ ಗಾಜು. ಕೂದಲಷ್ಟು ಸಣ್ಣ, ಬಾಗಿಲ ತನಕ.
ನಿವೃತ್ತಿಗೆ ಹನ್ನೆರಡು ದಿನ ಇರುವಾಗ
ಕೆಲಸದ ಪಟ್ಟಿಯಲ್ಲಿ ಆ ನಂಬರು ಬಂತು.

ಈನಿಡ್‌ಗೆ ಎಂಬತ್ತೆಂಟು. ವೇಗ ಎಷ್ಟೆಂದು ಕೇಳಲಿಲ್ಲ.
ಕರೆಂಟು ಹೋದರೆ ಇದೂ ಹೋಗುತ್ತದೆ ಎಂದೆ.
ಹೋಗಲಿ, ನಾನೂ ಹೋಗುವವಳೇ ಎಂದಳು.
ಥೋರಾ ಈಗ ಕಾಟಿಂಗ್‌ಹ್ಯಾಮಿನ ಆರೈಕೆ ಮನೆಯಲ್ಲಿ,
ಹಾಸಿಗೆ ಪಕ್ಕ ಫೋನು, ಕೋಡು ಅದೇ.
ರಾತ್ರಿ ಎತ್ತಿಟ್ಟರೆ ಅವಳು ಕೇಳಿಸುತ್ತಾಳಾ?

ಡ್ರಿಲ್ಲು ಕೆಳಗಿಟ್ಟೆ.
ಹೇಗೆ ಹೇಳಲಿ, ಈ ಹೊಸ ಪೆಟ್ಟಿಗೆ ಬಲು ಜಾಣ.
ಯಾರೂ ಮಾತಾಡದಿದ್ದರೆ ಏನನ್ನೂ ಕಳಿಸುವುದಿಲ್ಲ,
ಆಚೆ ತುದಿಯಲ್ಲಿ ತಾನೇ ಒಂದಿಷ್ಟು ಸುಯ್ ಎನಿಸಿ
ಕಿವಿಯನ್ನು ಸಮಾಧಾನ ಮಾಡುತ್ತದೆ.
ಆ ಸುಯ್ ಥೋರಾ ಅಲ್ಲ, ಯಾರೂ ಅಲ್ಲ.
ಅದರ ಲೆಕ್ಕದಲ್ಲಿ ಉಸಿರು ಮಾತಲ್ಲ.

ಸೆಟ್ಟಿಂಗಿನ ಮೂರನೇ ಪುಟ, ಅಡಿಯಲ್ಲೊಂದು ಟಿಕ್ಕು.
ತೆಗೆದೆ. ಅಧಿಕಾರ ಇತ್ತೋ ಇಲ್ಲವೋ.
ಊಟದ ಬಿಡುವಿನಲ್ಲಿ ಕಾಟಿಂಗ್‌ಹ್ಯಾಮಿಗೆ ಹೋಗಿ
ಅಲ್ಲಿಯದನ್ನೂ ತೆಗೆದು ಬಂದೆ.
ನರ್ಸಿಗೆ ಹೇಳಿದ್ದು: ಲೈನ್ ತಪಾಸಣೆ.
ಒಂದು ಮಾತ್ರ ನನ್ನ ಕೈ ಮೀರಿದ್ದು,
ಈ ಪ್ಲಾನಿನಲ್ಲಿ ಗಂಟೆಗೊಮ್ಮೆ ಕರೆ ಕಡಿಯುತ್ತದೆ.
ಮೊಟ್ಟೆ ಬೇಯಿಸುವ ಅಲಾರಮ್ಮಿದೆ ಎಂದಳು.

ಅವಳ ಬೆರಳು ಹಳೆಯ ಆರು ಅಂಕಿ ಒತ್ತಿತು.
ಈಗ ಪಕ್ಕದ ಮನೆಗೂ ಕೋಡು ಸೇರಿಸಬೇಕು, ಹೇಳಿಕೊಟ್ಟೆ.
ಮತ್ತೆ ಒತ್ತಿದಳು, ಒಂದೊಂದಾಗಿ, ಬೈಯುತ್ತ.
ಯಾರೂ ಹಲೋ ಅನ್ನಲಿಲ್ಲ.
ತಳ್ಳುಗಾಡಿಯ ಚಕ್ರ. ಇಟ್ಟ ಲೋಟ. ಆಮೇಲೆ
ಈನಿಡ್ ಕಣ್ಣು ಮುಚ್ಚಿ ನನ್ನತ್ತ ಕೈಯಾಡಿಸಿದಳು,
ಬಾಗಿಲು ಎಳೆದುಕೊಂಡು ಹೋಗಪ್ಪ.